ಕೊಟ್ರಸ್ವಾಮಿ ಸೇರಿದ ಕಂಪನಿ

ಕೊಟ್ಟೂರಿನಲ್ಲಿ ಕಂಪನಿ ಎಂಬ ಮಾತಿಗೆ ಒಂದೇ ಅರ್ಥ. ಡೇರೆ ಹೊಡೆದು, ಬಣ್ಣದ ದೀಪ ಹಾಕಿ, ಹಾರ್ಮೋನಿಯಂ ಬಾರಿಸುತ್ತ ಊರಿಂದ ಊರಿಗೆ ತಿರುಗಿ ನಾಟಕ ಆಡುವುದಕ್ಕೆ ಮಾತ್ರ ಕಂಪನಿ ಅನ್ನುತ್ತಾರೆ. ಮಿಕ್ಕಿದ್ದೆಲ್ಲ ಅಂಗಡಿ, ಮಿಲ್ಲು, ಇಲ್ಲವೇ ಆಫೀಸು. ಊರಿನ ದನಕರುಗಳಿಗೂ ಗೊತ್ತಿದ್ದ ಈ ಸಂಗತಿಯನ್ನು ಮರೆತು ಬಂದವನು ಒಬ್ಬನೇ. ಅವನು ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದಿ ಬಂದ, ಕಿರಾಣಿ ಅಂಗಡಿ ಮರುಳಪ್ಪನವರ ಮಗ ಕೊಟ್ರಸ್ವಾಮಿ.

ಕೊಟ್ರಸ್ವಾಮಿ ದಡ್ಡನಲ್ಲ. ಕೊನೆಯ ವರ್ಷ 'ವ್ಯವಹಾರ ವಿದ್ಯಾರ್ಥಿಗಳ ವೃತ್ತಿ ಹೊಂದಾಣಿಕೆಯನ್ನು ರೂಪಿಸುವ ಅಂಶಗಳು' ಎಂಬ ವಿಷಯದ ಮೇಲೆ ಅವನು ಮಾಡಿದ ಸೆಮಿನಾರಿಗೆ ಇಡೀ ಕ್ಲಾಸು ಚಪ್ಪಾಳೆ ತಟ್ಟಿತ್ತು. ಬಂದ ಕೆಲಸಕ್ಕೆ ಮನಸ್ಸನ್ನು ಒಗ್ಗಿಸಿಕೊಳ್ಳುವವನೇ ಗೆಲ್ಲುತ್ತಾನೆ, ಅದಕ್ಕೆ ಮನೆಯವರ ಬೆಂಬಲ ಬೇಕು, ಕುತೂಹಲ ಬೇಕು, ತನ್ನ ಮೇಲೆ ತನಗೆ ನಂಬಿಕೆ ಬೇಕು ಎಂದು ಅವನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದ. ಪಾಠ ಹೇಳುವ ಮೇಡಮ್ಮು ಅತಿ ಹೆಚ್ಚು ಅಂಕ ಕೊಟ್ಟು, ಇವನು ಎಲ್ಲಿ ಹಾಕಿದರೂ ಬದುಕುತ್ತಾನೆ ಎಂದು ಹೇಳಿದ್ದರು. ಕೊಟ್ರಸ್ವಾಮಿ ಆ ಮಾತನ್ನು ನಂಬಿದ. ಅವನ ತೊಂದರೆಗಳೆಲ್ಲ ಅಲ್ಲಿಂದಲೇ ಶುರುವಾದವು ಎಂದರೆ ತಪ್ಪಿಲ್ಲ.

ಅದು ತೊಂಬತ್ತೊಂಬತ್ತರ ಬೇಸಿಗೆ. ಮರುಳಪ್ಪನವರ ಮನೆಯಲ್ಲಿ ಇನ್ನೂ ಫೋನು ಬಂದಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಅಂಜಿನೇಯಲು ಎಂಬವನ ಎಸ್‌ಟಿಡಿ ಬೂತಿತ್ತು. ಅದರ ಗಾಜಿನ ಬಾಗಿಲು ಮುಚ್ಚುತ್ತಿರಲಿಲ್ಲವಾದ್ದರಿಂದ ಊರಿನ ಗುಟ್ಟೆಲ್ಲ ಮೊದಲು ಅಂಜಿನೇಯಲುವಿಗೆ, ಆಮೇಲೆ ಅಲ್ಲಿ ಕೂತು ಮಂಡಕ್ಕಿ ಮಿರ್ಚಿ ತಿನ್ನುವವರಿಗೆ, ಕೊನೆಗೆ ಸಂಬಂಧಪಟ್ಟವರಿಗೆ ತಿಳಿಯುವುದು ಪದ್ಧತಿಯಾಗಿತ್ತು. ಕೊಟ್ರಸ್ವಾಮಿಗೆ ಕೆಲಸ ಸಿಕ್ಕ ಸುದ್ದಿಯೂ ಅದೇ ದಾರಿಯಲ್ಲಿ ಬಂತು.

ಕೆಲಸ ಸಿಕ್ಕಿದ್ದು ಒಂದು ಸೋಪಿನ ಕಂಪನಿಯಲ್ಲಿ. ಹುದ್ದೆ ಮ್ಯಾನೇಜ್‌ಮೆಂಟ್ ಟ್ರೇನಿ. ಆಷಾಢ ಕಳೆದ ಮೇಲೆ ಹೊಸಪೇಟೆಯಲ್ಲಿ ಸೇರಿ, ಅಂಗಡಿ ಅಂಗಡಿ ತಿರುಗಿ ಸೋಪು ಮಾರಬೇಕು. ಫೋನು ಕೆಳಗಿಡುವಾಗ ಕೊಟ್ರಸ್ವಾಮಿಯ ಮುಖ ಅರಳಿತ್ತು, ಆದರೆ ಬಾಗಿಲು ದಾಟುವಷ್ಟರಲ್ಲಿ ಒಂದು ಸಂಗತಿ ನೆನಪಾಯಿತು. ಅದೇ ಸೋಪನ್ನು ಅವನ ಅಪ್ಪ ಓದುಬರಹ ಇಲ್ಲದೆಯೇ ಮೂವತ್ತು ವರ್ಷದಿಂದ ಮಾರುತ್ತಿದ್ದರು. ಟ್ರೇನಿ ಅಂದರೆ ಇನ್ನೂ ಕಲಿಯುವುದು ಬಾಕಿ ಇದೆ ಅಂದಂತೆ. ಹೀಗಾಗಿ ಅವನು ಸೋಪನ್ನೂ ಬಿಟ್ಟ, ಟ್ರೇನಿಯನ್ನೂ ಬಿಟ್ಟ. ಉಳಿದದ್ದನ್ನು ಬೂತಿನ ಮುಂದೆ ನೆರೆದವರಿಗೆ ಗಟ್ಟಿಯಾಗಿ ಹೇಳಿದ.

"ಕಂಪನಿ ಮ್ಯಾನೇಜರ್ ಆದೆ."

ಮಿರ್ಚಿ ತಿನ್ನುತ್ತಿದ್ದವರ ಕೈ ಬಾಯಿಗೆ ಹೋಗದೆ ನಿಂತಿತು. ಅಂಜಿನೇಯಲು ಗೌರವದಿಂದ ಎದ್ದು, ಮೊದಲ ಕ್ಯಾಂಪು ಎಲ್ಲಿ ಎಂದು ಕೇಳಿದ. ಹೊಸಪೇಟೆ ಎಂದ ಕೊಟ್ರಸ್ವಾಮಿ. ಆಮೇಲೆ? ಆಮೇಲೆ ಊರೂರು ತಿರುಗಬೇಕು. ಹೆಣ್ಣುಮಕ್ಕಳೂ ಇದ್ದಾರಾ? ಇದ್ದಾರೆ, ನಮ್ಮಲ್ಲಿ ಗಂಡು ಹೆಣ್ಣು ಅಂತ ಭೇದ ಇಲ್ಲ, ಎಲ್ಲರೂ ಸಮ ಎಂದು ಅವನು ಪುಸ್ತಕದಲ್ಲಿ ಓದಿದ್ದನ್ನು ಹೇಳಿದ. ಅಂಜಿನೇಯಲು ಫೋನಿನ ದುಡ್ಡು ತೆಗೆದುಕೊಳ್ಳಲಿಲ್ಲ. ಅವನ ಬೂತಿನ ಚರಿತ್ರೆಯಲ್ಲಿ ಅದು ಮೊದಲು ಮತ್ತು ಕೊನೆ.

ಸಂಜೆಯೊಳಗೆ ಮರುಳಪ್ಪನವರ ಮಗ ನಾಟಕ ಕಂಪನಿ ಸೇರಿದ ಎಂಬುದು ಇಡೀ ಕೊಟ್ಟೂರಿಗೆ ಗೊತ್ತಾಯಿತು, ಕೊಟ್ರಸ್ವಾಮಿಯೊಬ್ಬನನ್ನು ಬಿಟ್ಟು. ಮರುದಿನ ಹೆಡ್ ಕಾನ್‌ಸ್ಟೇಬಲ್ಲರು ಅಂಗಡಿಗೆ ಬಂದು, ಪಾಸ್ ವಿಚಾರ ಏನು ಎಂದು ಮೆಲ್ಲಗೆ ಕೇಳಿದರು. ಪಾಸ್ ಆಗಿದ್ದೀನಿ, ಫಸ್ಟ್ ಕ್ಲಾಸು ಎಂದು ಇವನು ಹೇಳಿದ. "ನಮಗೂ ಫಸ್ಟ್ ಕ್ಲಾಸ ಬೇಕ್ರಿ," ಎಂದರು ಅವರು. "ನಾಕು ಮಂದಿ ಬರ್ತೀವಿ, ಹಾಸ್ಯದ ಸೀನ್ ಛಲೋ ಇರೋ ದಿನ ನೋಡಿ ಹೇಳ್ರಿ." ಪೊಲೀಸರ ಮಕ್ಕಳೂ ಎಂಬಿಎ ಓದಬೇಕೆಂದಿದ್ದಾರೆ ಎಂದು ತಿಳಿದು ಕೊಟ್ರಸ್ವಾಮಿ ಸಂತೋಷದಿಂದ ತಲೆಯಾಡಿಸಿದ. ಹಾಸ್ಯದ ಸೀನ್ ಎಲ್ಲಿಂದ ಬಂತೆಂದು ಅವನು ಯೋಚಿಸಲಿಲ್ಲ.

ಟೈಲರು ಬಂದು ಪರದೆ ಹೊಲಿದುಕೊಡುತ್ತೇನೆ ಎಂದ. ನಿವೃತ್ತ ಮೇಷ್ಟರು ಅಂಗಡಿಯ ಕಟ್ಟೆ ಹತ್ತಿ ನಿಂತು ಕೌರವನ ಮಾತನ್ನು ಉಸಿರು ಕಟ್ಟುವ ತನಕ ಹೇಳಿ ತೋರಿಸಿದರು. ಉದ್ಯೋಗಕ್ಕೆ ಪೈಪೋಟಿ ಇಷ್ಟಿದೆಯಾ ಎಂದು ಕೊಟ್ರಸ್ವಾಮಿ ಮರುಗಿದ. ತಾಯಿ ಕಲ್ಯಾಣಮ್ಮ ಮಾತ್ರ ಒಲೆಯ ಮುಂದೆ ಕಣ್ಣೊರೆಸಿಕೊಂಡು, ಆದದ್ದಾಯಿತು, ಬಣ್ಣ ಮಾತ್ರ ಹಚ್ಚಬೇಡ ಎಂದಳು. ಹೋಳಿ ಹಬ್ಬ ಹೋಗಿ ಎರಡು ತಿಂಗಳಾಗಿತ್ತು, ಹಾಗಾಗಿ ಅವನು ಸುಲಭವಾಗಿ ಮಾತು ಕೊಟ್ಟ.

ಅಪ್ಪ ಮರುಳಪ್ಪನವರು ಮಿತಭಾಷಿ. ರಾತ್ರಿ ಊಟಕ್ಕೆ ಕೂತಾಗ, ಆ ಕಂಪನಿಯಲ್ಲಿ ಏನು ನಡೆಸುತ್ತಾರಪ್ಪ ಎಂದು ಒಂದೇ ಪ್ರಶ್ನೆ ಕೇಳಿದರು. ಸೋಪು ಎಂದಿದ್ದರೆ ಈ ಕಥೆ ಅಲ್ಲಿಗೆ ಮುಗಿಯುತ್ತಿತ್ತು, ಹೇಳುವ ನಮಗೂ ಶ್ರಮ ಉಳಿಯುತ್ತಿತ್ತು. ಕೊಟ್ರಸ್ವಾಮಿ, ಅದೆಲ್ಲ ನಿಮಗೆ ತಿಳಿಯುವಂಥದ್ದಲ್ಲ ಎಂದುಬಿಟ್ಟ. ಮರುಳಪ್ಪನವರು ಇನ್ನೊಂದು ರೊಟ್ಟಿ ಮುರಿದರು.

ಇಷ್ಟಕ್ಕೂ ಅವನ ಮನಸ್ಸು ಇದ್ದದ್ದು ಹಿರೇಹಡಗಲಿಯಲ್ಲಿ. ಕೆಲಸದ ಸುದ್ದಿ ಬರುವುದಕ್ಕೆ ಸ್ವಲ್ಪ ದಿನ ಮುಂಚೆ ಅವನು ಅಲ್ಲಿಗೆ ಹೆಣ್ಣು ನೋಡಲು ಹೋಗಿದ್ದ. ಸಂಬಂಧ ತಂದವಳು ಅದೇ ಊರಿನಲ್ಲಿದ್ದ ಸೋದರತ್ತೆ ಕೊಟ್ರಬಸಮ್ಮ. ಹುಡುಗಿ ಗಂಗಾಂಬಿಕಾ, ಹತ್ತಿ ವ್ಯಾಪಾರದ ಬಂಗಾರಪ್ಪನವರ ಮಗಳು. ಉರಿಬಿಸಿಲಿನಲ್ಲಿ ಟೈ ಕಟ್ಟಿಕೊಂಡು ಹೋಗಿದ್ದ ಕೊಟ್ರಸ್ವಾಮಿ ಬಗ್ಗಿ ಪಾಯಸದ ಬಟ್ಟಲು ಎತ್ತಿಕೊಳ್ಳುವಾಗ ಟೈಯ ತುದಿ ಪಾಯಸದಲ್ಲಿ ಅದ್ದಿತು. ದೊಡ್ಡವರೆಲ್ಲ ನೋಡದಂತೆ ನಟಿಸಿದರು. ಗಂಗಾಂಬಿಕಾ ಒಬ್ಬಳು ಬಾಯಿಗೆ ಸೆರಗು ಹಿಡಿದರೂ ತಡೆಯಲಾಗದೆ ನಕ್ಕುಬಿಟ್ಟಳು. ಆ ನಗು ಇನ್ನು ತನ್ನ ಮನೆಯಲ್ಲೇ ಕೇಳಬೇಕು ಎಂದು ಅವನಿಗೆ ಆ ಕ್ಷಣವೇ ಅನ್ನಿಸಿತು. ಅವಳು ಇನ್ನೂ ಹೂಂ ಅಂದಿರಲಿಲ್ಲ. ಆ ಒಂದು ಹೂಂಗಾಗಿ ಅವನು ಬೂತಿನ ಸುತ್ತ ದಿನಾ ಸುಳಿಯುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ದಪ್ಪ ಮೀಸೆಯ, ಜರಿ ಶಲ್ಯದ ಗಂಡಸೊಬ್ಬ ಅಂಗಡಿಗೆ ಬಂದು ಕೊಟ್ರಸ್ವಾಮಿಗೆ ಕೈ ಮುಗಿದ. ಹೆಸರು ಉಚ್ಚಂಗೆಪ್ಪ. ಹಗರಿಬೊಮ್ಮನಹಳ್ಳಿಯಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯ ಮಾಲೀಕ. ಅವನ ಮ್ಯಾನೇಜರು ಬೇರೆ ಕಂಪನಿಗೆ ಹಾರಿಹೋಗಿದ್ದ, ಓದಿದ ಮ್ಯಾನೇಜರೊಬ್ಬ ಕೊಟ್ಟೂರಲ್ಲಿ ಖಾಲಿ ಕೂತಿದ್ದಾನೆಂದು ತಿಳಿದು ಬಂದಿದ್ದ.

"ನಿಮ್ಮ ಹೊಸಪೇಟಿ ಕ್ಯಾಂಪು ಶುರುವಾಗೋತನ ನಮ್ಮಲ್ಲಿ ಕುಂದ್ರರಿ," ಎಂದ ಉಚ್ಚಂಗೆಪ್ಪ. "ಕಂಪನಿ ಕಂಪನಿ ಅಂದ ಮ್ಯಾಲೆ ಒಬ್ಬರಿಗೊಬ್ಬರು ಆಗಬೇಕ್ರಿ."

ಪಾಸು, ಪರದೆ, ಕೌರವ, ಬಣ್ಣ ಎಲ್ಲದರ ಅರ್ಥವೂ ಕೊಟ್ರಸ್ವಾಮಿಯ ತಲೆಯೊಳಗೆ ಒಟ್ಟಿಗೆ ಹೊಳೆಯಿತು. ಅವನು ಅಪ್ಪನ ಕಡೆ ನೋಡಿದ. ಅಪ್ಪ ಸೋಪಿನ ಸಾಲನ್ನು ಸರಿಮಾಡುತ್ತಿದ್ದರು. ಈಗ ನಿಜ ಹೇಳಬೇಕೆಂದರೆ ಆ ಸೋಪನ್ನೇ ಬೆರಳು ಮಾಡಿ ತೋರಿಸಬೇಕಾಗಿತ್ತು. ಉಚ್ಚಂಗೆಪ್ಪನನ್ನು ಊರ ಹೊರಗೆ ಕರೆದೊಯ್ದು ತಿಳಿಹೇಳಿದರಾಯಿತು ಎಂದುಕೊಂಡು ಅವನ ಜೊತೆ ಬಸ್ಸು ಹತ್ತಿದ. ಬಸ್ಸಿನಲ್ಲಿ ರಶ್ಶಿತ್ತು, ಹೇಳಲಾಗಲಿಲ್ಲ. ಇಳಿದಾಗ ಡೇರೆಯ ಮುಂದೆ ಜಗಳ ನಡೆದಿತ್ತು.

ಹಡಗಲಿ ಕಡೆಯವರ ಜಗಳ ಅದು. ಕೊನೆಯ ಬಸ್ಸು ತಪ್ಪುವ ಭಯಕ್ಕೆ ಅವರು ದಿನಾ ಕೊನೆಯ ಅಂಕ ಬಿಟ್ಟು ಓಡಬೇಕಾಗಿತ್ತು. ನಾಯಕಿ ಬದುಕಿದಳೋ ಸತ್ತಳೋ ಎಂಬುದು ಆ ಭಾಗದ ಹಳ್ಳಿಗಳಲ್ಲಿ ವಾರದಿಂದ ಇತ್ಯರ್ಥವಾಗದೆ ಉಳಿದಿತ್ತು. ಕೊಟ್ರಸ್ವಾಮಿಗೆ ತಿಳಿಯದಂತೆಯೇ ಅವನ ಓದು ಎಚ್ಚೆತ್ತಿತು. ಅವನು ಮೊದಲ ಆಟವನ್ನು ಹೊತ್ತು ಮುಳುಗುವ ಮೊದಲೇ ಶುರುಮಾಡಿಸಿದ. ಬಸ್ಸಿನ ಡ್ರೈವರಿಗೆ ಫಸ್ಟ್ ಕ್ಲಾಸ್ ಕುರ್ಚಿ ಕೊಟ್ಟು ಕೂರಿಸಿದ. ಡ್ರೈವರು ನಾಯಕಿಯ ಸಂಕಟ ನೋಡಿ ಅತ್ತು, ಕಣ್ಣೊರೆಸಿಕೊಂಡೇ ಬಸ್ಸು ಬಿಟ್ಟ. ಬಸ್ಸು ದಿನಾ ಯಾಕೆ ತಡ ಎಂದು ವಿಚಾರಣೆಗೆ ಬಂದ ಡಿಪೋದ ಸಾಹೇಬರನ್ನೂ ಡ್ರೈವರಿನ ಪಕ್ಕದಲ್ಲೇ ಕೂರಿಸಲಾಯಿತು. ಅವರೂ ಅತ್ತರು, ಮತ್ತು ಬಸ್ಸಿನ ವೇಳಾಪಟ್ಟಿಯನ್ನು ನಾಯಕಿಯ ಸಾವಿಗೆ ಅನುಗುಣವಾಗಿ ಬದಲಿಸಿದರು.

ತಿಳಿಹೇಳಲು ಹೋದವನು ಹೀಗೆ ಉಳಿದುಬಿಟ್ಟ. ಬೆಳಿಗ್ಗೆ ಪ್ರಚಾರದ ಆಟೋ, ಮಧ್ಯಾಹ್ನ ನಟರ ಮುನಿಸು, ಸಂಜೆ ಗೇಟಿನ ನೂಕುನುಗ್ಗಲು. ಎಲ್ಲರೂ ಮ್ಯಾನೇಜರ್ರೇ ಎಂದು ಕೂಗುತ್ತಿದ್ದರು. ಬೆಂಚು ತುಂಬಿದಾಗ, ಸ್ವಲ್ಪ ಸರೀರಿ, ಇನ್ನೊಬ್ಬರಿಗೆ ಜಾಗ ಆಗ್ತೈತಿ ಎನ್ನುತ್ತ ಅವನು ಸಾಲಿಂದ ಸಾಲಿಗೆ ಓಡಾಡುತ್ತಿದ್ದ. ಟೈ ಎಲ್ಲೋ ಬಿದ್ದುಹೋಗಿತ್ತು. ತಾನು ಸುಖವಾಗಿದ್ದೇನೆ ಎಂಬುದು ಅವನಿಗೆ ಹೊಳೆಯಲಿಲ್ಲ, ಏಕೆಂದರೆ ಅದು ಪಠ್ಯದಲ್ಲಿ ಇರಲಿಲ್ಲ. ಇನ್ನು ನಾಲ್ಕೇ ದಿನ, ಆಮೇಲೆ ಸೋಪು ಎಂದು ಅವನು ತನಗೇ ಹೇಳಿಕೊಳ್ಳುತ್ತಿದ್ದ, ಹೇಳಿಕೊಂಡು ಒಂದು ತಿಂಗಳಾಗಿತ್ತು.

ಆಗಲೇ ಅತ್ತೆ ಕೊಟ್ರಬಸಮ್ಮನಿಂದ ಸುದ್ದಿ ಬಂತು. ಗಂಗಾಂಬಿಕಾ ಹೂಂ ಅಂದಿದ್ದಾಳೆ. ಕೊಟ್ರಸ್ವಾಮಿ ಆ ದಿನ ಡೇರೆಯ ಎಲ್ಲರಿಗೂ ಚಹಾ ಕೊಡಿಸಿದ. ಆಮೇಲೆ ಒಂದು ಭಯ ಹತ್ತಿತು. ಹುಡುಗಿ ಒಪ್ಪಿದ್ದು ಟೈ ಕಟ್ಟಿ ಬಂದ ಎಂಬಿಎ ವರನನ್ನು. ವರ ನಾಟಕದ ಟಿಕೆಟ್ ಹರಿಯುತ್ತಿದ್ದಾನೆ ಎಂದು ಬಂಗಾರಪ್ಪನವರಿಗೆ ತಿಳಿದರೆ ಸಂಬಂಧ ಉಳಿದೀತೆ?

ಒಂದು ಸಂಜೆ ಹೆಂಗಸರ ಗೇಟಿನಲ್ಲಿ ಒಬ್ಬ ಮುದುಕಿ ಹಟ ಹಿಡಿದಿದ್ದಳು. ಕುರ್ಚಿಯಲ್ಲಿ ಕೂತರೆ ಬೀಳುತ್ತೇನೆ, ನೆಲದ ಮೇಲೆ ಕೂರುತ್ತೇನೆ, ಆದರೆ ಕುರ್ಚಿಯವರ ಮುಂದೆ ನೆಲಕ್ಕೆ ಕೂತರೆ ನನ್ನ ಮರ್ಯಾದೆ ಏನಾಗಬೇಕು ಎಂಬುದು ಅವಳ ತಕರಾರು. ಕೊಟ್ರಸ್ವಾಮಿ ಅವಳ ಪಕ್ಕದಲ್ಲಿ ತಾನೇ ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂತ. ಮ್ಯಾನೇಜರ್ರೇ ಕೂತ ಮೇಲೆ ನಿಂದೇನು ಎಂದ. ಮುದುಕಿ ಅವನ ತಲೆ ಸವರಿ ನಕ್ಕಳು, ಅವನೂ ನಕ್ಕ, ಗೇಟಿನಲ್ಲಿ ನಿಂತಿದ್ದ ಹೆಂಗಸರೂ ನಕ್ಕರು. ಅಲ್ಲಿಂದ ಎದ್ದು ಬಂದು ಟಿಕೆಟ್ ಕಿಂಡಿಯಲ್ಲಿ ಕೂತ ಸ್ವಲ್ಪ ಹೊತ್ತಿಗೆ, ಹರಳುಂಗುರದ ಕೈಯೊಂದು ಕಿಂಡಿಯೊಳಗೆ ಬಂತು. ಫಸ್ಟ್ ಕ್ಲಾಸ್ ಕೊಡ್ರಿ ಎಂಬ ದನಿ ಬಂಗಾರಪ್ಪನವರದು.

ಕೊಟ್ರಸ್ವಾಮಿ ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಹೋದ. ಕೆಳಗಿಂದಲೇ ಕೈಯೊಂದು ಮೇಲೆದ್ದು ಟಿಕೆಟ್ ಕೊಟ್ಟಿತು. ಚಿಲ್ಲರೆ ಕೊಡಲು ಆ ಕೈ ಮತ್ತೆ ಮೇಲೆದ್ದಿತು. ಬಂಗಾರಪ್ಪನವರು ಬಗ್ಗಿ ನೋಡಿ, ಯಾರೂ ಕಾಣದೆ, ಒಳಗೆ ಹೋದರು. ಆಟ ಮುಗಿದು ಅವರ ಜೀಪು ಹೊರಡುವ ತನಕ ಕೊಟ್ರಸ್ವಾಮಿ ಮೇಜಿನ ಕೆಳಗೇ ಇದ್ದ. ಮ್ಯಾನೇಜರಿಗೆ ಮೈಯಲ್ಲಿ ಹುಷಾರಿಲ್ಲವೆಂದು ಉಚ್ಚಂಗೆಪ್ಪ ಅವನಿಗೆ ಅಲ್ಲಿಗೇ ಊಟ ಕಳಿಸಿದ.

ಮರುದಿನ ಅವನು ಕೊಟ್ಟೂರಿಗೆ ಹೋಗಿ ಟೈ ಹೊಸದು ಕೊಂಡ. ಅಪ್ಪನ ಅಂಗಡಿಯಿಂದ ಒಂದು ಚೀಲ ಸೋಪು ತುಂಬಿಕೊಂಡ. ಅದರ ಮರುದಿನ ಹಿರೇಹಡಗಲಿಯ ಬಸ್ಸಿನಲ್ಲಿ ಹೇಳಬೇಕಾದ ಮಾತನ್ನೆಲ್ಲ ಬಾಯಿಪಾಠ ಮಾಡಿದ.

ಬಂಗಾರಪ್ಪನವರ ಪಡಸಾಲೆಯಲ್ಲಿ ಮದುವೆಯ ಮಾತುಕತೆಗೆ ಹಿರಿಯರು ಸೇರಿದ್ದರು. ಅತ್ತೆ ಕೊಟ್ರಬಸಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಕೊಟ್ರಸ್ವಾಮಿ ಸೋಪುಗಳನ್ನು ಚಾಪೆಯ ಮೇಲೆ ಸಾಲಾಗಿ ಜೋಡಿಸಿ, ಎದ್ದು ನಿಂತು ಮಾತಾಡಿದ. ಊರಿನಲ್ಲಿ ಎದ್ದ ಸುದ್ದಿ ಸುಳ್ಳು, ನಾಟಕದ ಕಂಪನಿಯ ಕಡೆ ತಾನು ತಲೆ ಹಾಕಿಯೂ ಮಲಗಿದವನಲ್ಲ, ತನ್ನದು ಇದು, ಈ ಸೋಪು ಎಂದ. ಜೀವನದಲ್ಲಿ ಮೊದಲ ಬಾರಿಗೆ ಅವನು ಸೋಪು ಎಂಬ ಮಾತನ್ನು ಎದೆಯುಬ್ಬಿಸಿ ಹೇಳಿದ್ದ. ಬಂಗಾರಪ್ಪನವರು ಕೊಟ್ರಬಸಮ್ಮನ ಮುಖ ನೋಡಿದರು. ಕೊಟ್ರಬಸಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು.

ಒಳಬಾಗಿಲಿಗೆ ಗಂಗಾಂಬಿಕಾ ಬಂದು ನಿಂತಳು. ದೊಡ್ಡವರ ನಡುವೆ ಮಾತಾಡುವುದು ಸರಿಯಲ್ಲವೆಂದು ಅವಳಿಗೂ ಗೊತ್ತಿತ್ತು.

"ಮೊನ್ನಿ ಬೊಮ್ಮನಹಳ್ಳ್ಯಾಗ, ಹೆಣ್ಮಕ್ಕಳ ಗೇಟಿನ್ಯಾಗ ಒಬ್ಬ ಅಜ್ಜಿ ಜೋಡಿ ನೆಲಕ್ಕ ಕುಂತು ನಗತಿದ್ರಲ್ಲ," ಎಂದಳು, "ಅವ್ರು ನೀವ ಹೌದಲ್ರಿ?"

ಅವಳ ಮುಖದಲ್ಲಿ ಪಾಯಸದ ದಿನದ ನಗು ಇನ್ನೇನು ಬರುವುದರಲ್ಲಿತ್ತು. ಕೊಟ್ರಸ್ವಾಮಿ ಅದನ್ನು ನೋಡಿದ. ಬಂಗಾರಪ್ಪನವರ ಉಂಗುರವನ್ನೂ ನೋಡಿದ.

"ಅಲ್ರಿ," ಎಂದ. "ನನ್ನ ಹಂಗ ಇರೋರು ಬಾಳ ಮಂದಿ ಅದಾರ."

ಗಂಗಾಂಬಿಕಾ ಸೆರಗು ಸರಿಮಾಡಿಕೊಂಡಳು.

"ಹೌದೇನ್ರಿ. ನಾ ಹೂಂ ಅಂದದ್ದು ಅವ್ರಿಗೆ," ಎಂದು ಒಳಗೆ ಹೋದಳು.

ಆಮೇಲೆ ಬಂಗಾರಪ್ಪನವರೇ ನಿಧಾನವಾಗಿ ವಿಷಯ ಬಿಡಿಸಿ ಹೇಳಿದರು. ವರ ನಾಟಕ ಕಂಪನಿಯ ಮ್ಯಾನೇಜರು ಎಂದು ಕೊಟ್ಟೂರಿನ ಸುದ್ದಿ ಕೇಳಿದಾಗಲೇ ಕೊಟ್ರಬಸಮ್ಮ ತಿಳಿಸಿದ್ದಳು. ತಾವು ಬೇಡವೇ ಬೇಡ ಎಂದಿದ್ದರು. ಟೈ ಕಟ್ಟಿದವರು ಬೇಕಾದಷ್ಟು ಸಿಗುತ್ತಾರೆ, ಜನರ ನಡುವೆ ಬಾಳುವವರು ಬೇಕು ಎಂದು ಮಗಳು ಹಟ ಹಿಡಿದು ಊಟ ಬಿಟ್ಟಿದ್ದಳು. ಕಣ್ಣಾರೆ ನೋಡಿಬರೋಣವೆಂದು ಅವಳನ್ನೂ ಕರೆದುಕೊಂಡು ಜೀಪಿನಲ್ಲಿ ಹೋಗಿದ್ದರು. ಗೇಟಿನಲ್ಲಿ ಅವನು ನೆಲಕ್ಕೆ ಕೂತದ್ದನ್ನು ನೋಡಿ, ವಾಪಸು ಬರುವ ದಾರಿಯಲ್ಲೇ ತಾವೂ ಒಪ್ಪಿದ್ದರು.

ಕೊಟ್ರಸ್ವಾಮಿ ಒಂದು ಹೆಜ್ಜೆ ಮುಂದೆ ಬಂದ. ಅದು ನಾನೇ ರಿ, ಆ ಅಜ್ಜಿಯ ಪಕ್ಕದಲ್ಲಿ ಕೂತದ್ದು ನಾನೇ ಎಂದ. ಬೇಕಾದರೆ ಕಿಂಡಿಯಿಂದ ಚಿಲ್ಲರೆ ಕೊಟ್ಟ ಕೈ ನೋಡಿ ಎಂದು ಕೈಯನ್ನೂ ಚಾಚಿದ.

"ಈಗ ಅಲ್ಲ ಅಂದ್ರಿ, ಈಗ ಹೌದು ಅಂತೀರಿ," ಎಂದರು ಬಂಗಾರಪ್ಪನವರು, ಸಿಟ್ಟಿಲ್ಲದೆ. "ನಾಳಿ ನಮ್ಮ ಹುಡುಗಿ ನಿಮ್ಮ ಹೇಣ್ತಿ ಏನ್ರಿ ಅಂತ ಯಾರರ ಕೇಳಿದ್ರ ಏನಂತೀರೋ ಏನೋ. ನಾ ಹೆಂಗ ಕೊಡ್ಲಿ, ನೀವ ಹೇಳ್ರಿ."

ಕೊಟ್ರಸ್ವಾಮಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಚೀಲ ಎತ್ತಿಕೊಂಡು ಹೊರಟಾಗ ಅದು ಹಗುರವಾಗಿತ್ತು. ಅತ್ತೆ ಕೊಟ್ರಬಸಮ್ಮ ಅಷ್ಟರಲ್ಲಿ ಸೋಪುಗಳನ್ನು ಸೆರಗಿಗೆ ಕಟ್ಟಿಕೊಂಡಿದ್ದಳು, ಸಂಬಂಧ ಹೋದರೂ ಸೋಪೇನು ತಪ್ಪು ಮಾಡಿದೆ ಎಂದು.

ಹಗರಿಬೊಮ್ಮನಹಳ್ಳಿಗೆ ಹೋಗಿ ಉಚ್ಚಂಗೆಪ್ಪನಿಗೆ ಎಲ್ಲವನ್ನೂ ಹೇಳಿದ. ಉಚ್ಚಂಗೆಪ್ಪ ಕೇಳಿ, ಕಾಯಂ ಆಗಿ ಇಲ್ಲೇ ಇದ್ದುಬಿಡ್ರಿ ಎಂದ. ನಾಲಿಗೆಯ ತುದಿಗೆ ಹೂಂ ಬಂದಿತ್ತು. ಆದರೆ ಎಂಬಿಎ ಓದಿ ಡೇರೆಯಲ್ಲಿ ಕೂತನೆಂದು ಕ್ಲಾಸಿನವರಿಗೆ ತಿಳಿದರೆ, ಮೇಡಮ್ಮಿಗೆ ತಿಳಿದರೆ ಎಂದು ಯೋಚಿಸಿ ಅವನು ತಲೆ ತಗ್ಗಿಸಿದ. ಮನೆಯವರ ಬೆಂಬಲ ಅವನಿಗಿತ್ತು, ಕುತೂಹಲವಿತ್ತು, ಕೆಲಸವೂ ಕೈಗೆ ಹತ್ತಿತ್ತು. ನಾಚಿಕೆ ಎಂಬ ಇನ್ನೊಂದು ಅಂಶವಿದೆ ಎಂದು ಬೋರ್ಡಿನ ಮೇಲೆ ಬರೆಯುವುದು ಮಾತ್ರ ಅವನಿಗೆ ಮರೆತುಹೋಗಿತ್ತು. ಆಷಾಢ ಕಳೆದ ಮೇಲೆ ಅವನು ಸೋಪಿನ ಕಂಪನಿ ಸೇರಿದ. ಗಂಗಾಂಬಿಕಾಳನ್ನು ಹೊಳಲು ಊರಿನ ಒಬ್ಬ ಸಂಗೀತದ ಮೇಷ್ಟರಿಗೆ ಕೊಟ್ಟರೆಂದು ಅತ್ತೆಯಿಂದ ತಿಳಿಯಿತು. ಅವನಿಗೆ ಆ ದಿನ ಊಟ ಸೇರಲಿಲ್ಲ. ಆಮೇಲೆಯೂ ಬಹಳ ದಿನ ಸೇರಲಿಲ್ಲ.

ಏಳೆಂಟು ವರ್ಷ ಕಳೆದವು. ಟ್ರೇನಿ ಹೋಗಿ ಸೇಲ್ಸ್ ಆಫೀಸರ್ ಆದ. ಮದುವೆಯೂ ಆಯಿತು, ಎರಡು ಮಕ್ಕಳಾದವು, ದೂರಲು ಏನೂ ಇರಲಿಲ್ಲ. ಒಂದು ಸಾರಿ ಹಗರಿಬೊಮ್ಮನಹಳ್ಳಿಯ ಅಂಗಡಿಗಳನ್ನು ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಆಟೋದ ಮೈಕಿನಲ್ಲಿ ಪ್ರಚಾರ ಕೇಳಿಸಿತು. ಉಚ್ಚಂಗೆಪ್ಪನ ಕಂಪನಿ ಮತ್ತೆ ಬಂದಿತ್ತು. ಕೊಟ್ರಸ್ವಾಮಿ ಬಸ್ಸು ಬಿಟ್ಟು, ಕಿಂಡಿಯಲ್ಲಿ ಟಿಕೆಟ್ ಕೊಂಡು, ಯಾರಿಗೂ ಗುರುತು ಹೇಳದೆ ಹಿಂದಿನ ಬೆಂಚಿನಲ್ಲಿ ಕೂತ.

ಡೇರೆಯ ಬಟ್ಟೆ ತೇಪೆಯಾಗಿತ್ತು, ಜನ ಮೊದಲಿನಷ್ಟಿರಲಿಲ್ಲ. ಆದರೂ ಅವನ ಸಾಲು ತುಂಬಿತು. ವಯಸ್ಸಾದ ಒಬ್ಬಾತ ಜಾಗ ಸಿಗದೆ ನಿಂತದ್ದನ್ನು ಕಂಡು ಕೊಟ್ರಸ್ವಾಮಿ ತನಗರಿವಿಲ್ಲದೆ ಎದ್ದುಬಿಟ್ಟ. ಸ್ವಲ್ಪ ಸರೀರಿ, ಇನ್ನೊಬ್ಬರಿಗೆ ಜಾಗ ಆಗ್ತೈತಿ ಎಂದ. ಸಾಲು ಸರಿಯಿತು, ಯಾರೂ ಗೊಣಗಲಿಲ್ಲ. ಮುದುಕ ಪಕ್ಕದಲ್ಲಿ ಕೂತು, ಮೆಚ್ಚುಗೆಯಿಂದ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಕಂಪನಿಯವ್ರೇನ್ರಿ ನೀವು?"

ಕೊಟ್ರಸ್ವಾಮಿಗೆ ಬರೀ ಹೌದು ಎಂದು ನಿಲ್ಲಿಸುವ ಆಸೆಯಾಯಿತು. ಆದರೆ ಇಷ್ಟು ವರ್ಷದಲ್ಲಿ ಅವನು ಒಂದು ಪಾಠವನ್ನಾದರೂ ಕಲಿತಿದ್ದ, ಕೇಳಿದಾಗ ನಿಜ ಹೇಳಬೇಕೆಂದು.

"ಹೌದ್ರಿ," ಎಂದ. "ಸೋಪಿನ ಕಂಪನಿ."

ಮುದುಕ ಅವನ ಟೈಯನ್ನೂ ಕಾಲಬಳಿಯ ಚೀಲವನ್ನೂ ನೋಡಿದ.

"ಹೌದಾ," ಎಂದ. "ನಾ ಕಂಪನಿಯವ್ರು ಅನ್ಕೊಂಡಿದ್ದೆ."

ಹಾರ್ಮೋನಿಯಂ ಶುರುವಾಯಿತು. ಕೊಟ್ರಸ್ವಾಮಿ ಚೀಲವನ್ನು ಬೆಂಚಿನ ಕೆಳಗೆ ತಳ್ಳಿ, ಪರದೆಯ ಕಡೆ ನೋಡುತ್ತ ಕೂತ.